ಮಕ್ಕಳ ಪುಸ್ತಕದ ಬಗ್ಗೆ ಅಭಿಪ್ರಾಯ ಬರೆಯುವವರಿಗೆ ಒಂದು ಸಲಹೆ

ನಮ್ಮ ಓದುಬಳಗದಲ್ಲಿ ಮಕ್ಕಳ ಪುಸ್ತಕಗಳ ಕುರಿತು ‘ಚೆನ್ನಾಗಿದೆ’, ‘ಮಕ್ಕಳಿಗೆ ಇಷ್ಟವಾಗುತ್ತದೆ’ ಎಂಬ ಮಾತುಗಳೇ ಹೆಚ್ಚಾಗಿ ಬರುತ್ತಿದ್ದು, ಪುಸ್ತಕ ಕೊಳ್ಳಬೇಕೆಂದಿರುವ ತಂದೆತಾಯಂದಿರಿಗೆ ಅವುಗಳಿಂದ ಅಷ್ಟಾಗಿ ಪ್ರಯೋಜನವಾಗುವುದಿಲ್ಲ. ಅಭಿಪ್ರಾಯ ಬರೆಯುವವರು ಮಗುವಿನ ವಯಸ್ಸಿನ ಜೊತೆಗೆ, ಪುಸ್ತಕವನ್ನು ಮಗು ತಾನೇ ಓದಿತೋ ಅಥವಾ ಹಿರಿಯರು ಓದಿ ಹೇಳಿದರೋ ಎಂಬುದನ್ನು ದಯವಿಟ್ಟು ತಿಳಿಸಬೇಕು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನೇ ತೆಗೆದುಕೊಳ್ಳಿ. ಇಲಿಗಳ ದಂಡು ಬರುವ ಸಾಲುಗಳನ್ನು ಲಯಕ್ಕೆ ತಕ್ಕಂತೆ ಗಟ್ಟಿಯಾಗಿ ಓದಿದರೆ ಅಕ್ಷರ ಬಾರದ ಮಗುವೂ ಕುಣಿಯುತ್ತದೆ. ಅದೇ ಪದ್ಯವನ್ನು ಆಗಷ್ಟೇ ಒತ್ತಕ್ಷರ ಕಲಿಯುತ್ತಿರುವ ಮಗುವಿನ ಕೈಗೆ ಕೊಟ್ಟರೆ ಎರಡನೆಯ ಪುಟದಲ್ಲೇ ಸುಸ್ತಾಗಬಹುದು.

ಮಗು ಸ್ವಂತವಾಗಿ ಓದುವ ಪುಸ್ತಕವಾದರೆ, ಪುಟಕ್ಕೆ ಎಷ್ಟು ಸಾಲುಗಳಿವೆ, ಒತ್ತಕ್ಷರಗಳು ಎಷ್ಟು ದಟ್ಟವಾಗಿವೆ, ಗಾಢ ಬಣ್ಣದ ಚಿತ್ರದ ಮೇಲೆಯೇ ಅಕ್ಷರಗಳನ್ನು ಅಚ್ಚು ಮಾಡಿ ಓದಲು ತೊಡಕಾಗಿದೆಯೇ (ಚೆಂದದ ಪುಸ್ತಕಗಳಲ್ಲೂ ಈ ದೋಷವಿರುತ್ತದೆ) ಎಂಬುದನ್ನೂ ಬರೆಯಿರಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳನ್ನು ಉಚಿತವಾಗಿ ಓದಬಹುದಾಗಿದ್ದು, ಅವುಗಳನ್ನು 4 ಹಂತಗಳಾಗಿ ವಿಂಗಡಿಸಲಾಗಿದೆ. ಆದರೆ ಬೇರೆ ಭಾಷೆಯ ಸರಳ ವಾಕ್ಯವು ಅನುವಾದದಲ್ಲಿ ಕೆಲವೊಮ್ಮೆ ಕಠಿಣವಾಗುವುದರಿಂದ, ಹಂತದ ಸಂಖ್ಯೆಯೊಂದನ್ನೇ ನಂಬದೆ ಮೊದಲ ಕೆಲವು ಪುಟಗಳನ್ನು ತಾವೇ ಗಟ್ಟಿಯಾಗಿ ಓದಿ ನೋಡುವುದು ಒಳ್ಳೆಯದು.

ಕಥೆಯ ನೀತಿಯೇನೆಂದು ವಿವರಿಸುವ ಅಗತ್ಯವಿಲ್ಲ. ಅದರ ಬದಲು ಮಗು ಯಾವ ಪುಟವನ್ನು ಮತ್ತೆ ತೆರೆಯಿತು, ಎಲ್ಲಿ ಪುಸ್ತಕ ಬಿಟ್ಟು ಎದ್ದುಹೋಯಿತು ಎಂಬುದನ್ನು ಎರಡು ವಾಕ್ಯಗಳಲ್ಲಿ ತಿಳಿಸಿದರೆ ಸಾಕು.