ಬೆಂಚಿನ ಮೇಲೆ ಭಾರಿ ರೈಫಲ್: ಒದೆತವನ್ನು ತಡೆದುಕೊಳ್ಳುವುದು ಹೇಗೆ?

ನಿಂತು ಹೊಡೆದಾಗ ಹೇಗೋ ಸಹಿಸಿಕೊಳ್ಳಬಹುದಾದ ದೊಡ್ಡ ಕ್ಯಾಲಿಬರ್‌ನ (ದಪ್ಪ ಗುಂಡಿನ) ರೈಫಲ್, ಗುರಿ ಹೊಂದಿಸಲೆಂದು ಶೂಟಿಂಗ್ ಬೆಂಚಿನ ಮೇಲಿಟ್ಟು ಹೊಡೆದಾಗ ಭುಜವನ್ನು ಕಂದಿಸಿಬಿಡುತ್ತದೆ. ರೈಫಲ್ ಅದೇ, ತೋಟಾ ಅದೇ; ಬದಲಾಗಿರುವುದು ಅದರ ಹಿಂದಿರುವ ದೇಹದ ಭಂಗಿ ಮಾತ್ರ. ನಿಂತವರ ದೇಹ ಸೊಂಟದಿಂದ ಮೇಲಕ್ಕೆ ಹಿಂದೆ ತೂಗಿ, ಬೇಕೆನಿಸಿದರೆ ಒಂದು ಹೆಜ್ಜೆ ಹಿಂದಿಟ್ಟು, ಒದೆತವನ್ನು ಅಷ್ಟು ದೂರಕ್ಕೂ ಅಷ್ಟು ಹೊತ್ತಿಗೂ ಹಂಚಿಬಿಡುತ್ತದೆ. ಬೆಂಚಿಗೆ ಎದೆ ಆನಿಸಿ, ಎರಡೂ ಮೊಣಕೈಗಳನ್ನು ಹಲಗೆಗೆ ಊರಿ, ಮುಂದಕ್ಕೆ ಬಾಗಿ ಕುಳಿತವರಿಗೆ ಹಿಂದೆ ಸರಿಯಲು ಎಡೆಯೇ ಇರುವುದಿಲ್ಲವಾದ್ದರಿಂದ ಅದೇ ಪೆಟ್ಟನ್ನು ಭುಜದ ಮೂಳೆ ಒಂದೇ ಜಾಗದಲ್ಲಿ ನುಂಗಬೇಕಾಗುತ್ತದೆ. ಆದ್ದರಿಂದ ಇಲ್ಲಿ ಮಾಡಬೇಕಾದ ಕೆಲಸ ಮುಖ್ಯವಾಗಿ ಎರಡು: ದೇಹಕ್ಕೆ ಹಿಂದೆ ಸರಿಯಲು ಜಾಗ ಮಾಡಿಕೊಡುವುದು, ಮತ್ತು ಬೆಂಚಿನ ಮೇಲೆ ಹೊಡೆಯುವ ಗುಂಡುಗಳನ್ನೇ ಕಡಿಮೆ ಮಾಡುವುದು. ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ.

ಒದೆತದ ಲೆಕ್ಕ

ಗುಂಡು ಮತ್ತು ಅದರ ಬೆನ್ನಿಗೆ ನುಗ್ಗುವ ಮದ್ದಿನ ಅನಿಲ ಎಷ್ಟು ಸಂವೇಗವನ್ನು ಮುಂದಕ್ಕೆ ಒಯ್ಯುತ್ತವೆಯೋ ಅಷ್ಟೇ ಸಂವೇಗದಿಂದ ರೈಫಲ್ ಹಿಂದಕ್ಕೆ ಬರುತ್ತದೆ. 3.6 ಕಿಲೋ ತೂಕದ, .308 ವಿಂಚೆಸ್ಟರ್ ಎಂಬ ತೋಟಾದ ರೈಫಲ್ 9.7 ಗ್ರಾಂ ಗುಂಡನ್ನು ಹಾರಿಸಿದಾಗ ಒದೆತದ ಶಕ್ತಿ ಸುಮಾರು 20 ಜೂಲ್ ಇರುತ್ತದೆ. 1912ರಲ್ಲಿ ಬಂದ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ತೋಟಾ, 19.4 ಗ್ರಾಂ ಗುಂಡನ್ನು ಸೆಕೆಂಡಿಗೆ 770 ಮೀಟರ್‌ಗಳಷ್ಟು ವೇಗದಲ್ಲಿ ಕಳಿಸುವಾಗ, 4 ಕಿಲೋ ರೈಫಲ್‌ನಲ್ಲಿ ಆ ಶಕ್ತಿ 50 ಜೂಲ್ ದಾಟುತ್ತದೆ. 1956ರ .458 ವಿಂಚೆಸ್ಟರ್ ಮ್ಯಾಗ್ನಮ್‌ನ 32.4 ಗ್ರಾಂ ಗುಂಡಿಗೆ ಅದು 80 ಜೂಲ್‌ನ ಆಸುಪಾಸಿಗೆ ಏರುತ್ತದೆ. ಅಂದರೆ ಮೊದಲನೆಯದರ ನಾಲ್ಕು ಪಟ್ಟು. .308ರಲ್ಲಿ ಪಳಗಿದ ಭುಜ ಇದಕ್ಕೂ ಪಳಗಿರುತ್ತದೆ ಎಂದು ನಂಬಿ ಕುಳಿತುಕೊಳ್ಳುವುದು ಸರಿಯಲ್ಲ.

ಈ ಲೆಕ್ಕದಲ್ಲಿ ನಮಗೆ ಉಪಯೋಗಕ್ಕೆ ಬರುವ ಅಂಶವೊಂದಿದೆ. ತೋಟಾ ಅದೇ ಇದ್ದಾಗ ರೈಫಲ್‌ನ ತೂಕ ಹೆಚ್ಚಿದಂತೆ ಒದೆತದ ಶಕ್ತಿ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 4 ಕಿಲೋ ರೈಫಲ್ 5 ಕಿಲೋ ಆದರೆ ಶಕ್ತಿ ಐದನೇ ಒಂದು ಭಾಗ ಕಡಿಮೆಯಾಗುತ್ತದೆ. ಹೊತ್ತು ನಡೆಯಲು ಹಗುರವೆಂದು ಕೊಂಡ ರೈಫಲ್ ಬೆಂಚಿನ ಮೇಲೆ ಅದರ ಬೆಲೆಯನ್ನು ವಸೂಲಿ ಮಾಡುತ್ತದೆ.

ಕುಳಿತುಕೊಳ್ಳುವ ಮೊದಲು

ರೈಫಲ್ ಖಾಲಿಯಿದೆ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಬೋಲ್ಟನ್ನು (ನಳಿಕೆಯ ಹಿಂಬದಿಯನ್ನು ಮುಚ್ಚುವ ಸರಿದಾಡುವ ಭಾಗವನ್ನು) ಹೊರತೆಗೆದು, ರೈಫಲ್ಲನ್ನು ಮರಳುಚೀಲಗಳ ಮೇಲೆ ಅಲುಗದಂತೆ ಕೂರಿಸಿ, ನಳಿಕೆಯೊಳಗಿಂದ 25 ಮೀಟರ್ ದೂರದ ಗುರಿಯನ್ನು ನೋಡಬೇಕು. ಗುರಿಯ ಕಪ್ಪು ವೃತ್ತ ನಳಿಕೆಯ ಸುತ್ತಿನ ಮಧ್ಯದಲ್ಲಿ ಕಾಣುವಂತೆ ಹೊಂದಿಸಿದ ಮೇಲೆ ರೈಫಲ್ ಕದಲದಂತೆ ಸ್ಕೋಪಿನ (ರೈಫಲ್ ಮೇಲೆ ಕೂರಿಸಿದ, ಗುರಿ ನೋಡುವ ದೂರದರ್ಶಕದ) ಅಡ್ಡಗೆರೆಗಳನ್ನು ಅದೇ ವೃತ್ತಕ್ಕೆ ತರಬೇಕು. ಒಂದೇ ಒಂದು ಗುಂಡನ್ನೂ ಹೊಡೆಯದೆ ಮಾಡುವ ಈ ಹೊಂದಾಣಿಕೆ, ಇಲ್ಲದಿದ್ದರೆ ಗುಂಡು ಹಲಗೆಯ ಮೇಲೆ ಎಲ್ಲಿ ಬಿತ್ತೆಂದು ಹುಡುಕುತ್ತಾ ವ್ಯರ್ಥವಾಗುವ ಐದಾರು ತೋಟಾಗಳನ್ನೂ ಅಷ್ಟೇ ಒದೆತಗಳನ್ನೂ ಉಳಿಸುತ್ತದೆ. ಮೊದಲ ಗುಂಡುಗಳನ್ನು 25 ಮೀಟರಿನಲ್ಲೇ ಹೊಡೆಯುವಾಗ ಒಂದು ಸಂಗತಿ ನೆನಪಿರಲಿ: 100 ಮೀಟರಿನಲ್ಲಿ ಗುಂಡು ಬೀಳುವ ಜಾಗವನ್ನು ಸುಮಾರು 7 ಮಿಲಿಮೀಟರ್ ಸರಿಸುವ, ಸ್ಕೋಪಿನ ತಿರುಗುಗುಂಡಿಯ ಒಂದು ಕ್ಲಿಕ್, 25 ಮೀಟರಿನಲ್ಲಿ 2 ಮಿಲಿಮೀಟರಿಗೂ ಕಡಿಮೆ ಸರಿಸುತ್ತದೆ. ಆದ್ದರಿಂದ ಅಲ್ಲಿ ನಾಲ್ಕು ಪಟ್ಟು ಕ್ಲಿಕ್ ತಿರುಗಿಸಬೇಕು.

ಸ್ಕೋಪ್ ಕಣ್ಣಿನಿಂದ ಎಷ್ಟು ದೂರ ಇರಬೇಕೆಂಬುದನ್ನು ಬೆಂಚಿನಲ್ಲಿ ಕುಳಿತೇ ಅಳೆಯಬೇಕು. ಭಾರಿ ಒದೆತದ ರೈಫಲ್‌ಗೆ ಕಣ್ಣಿಗೂ ಸ್ಕೋಪಿನ ಹಿಂಬದಿ ಗಾಜಿಗೂ ನಡುವೆ 90ರಿಂದ 100 ಮಿಲಿಮೀಟರ್ ಅಂತರ ಉಳಿಯುವ ಸ್ಕೋಪ್ ಬೇಕು. ಬೆಂಚಿನಲ್ಲಿ ಮುಂದಕ್ಕೆ ಬಾಗುವ ಚಾಳಿಯಿಂದಾಗಿ ಕೆನ್ನೆ ತಾನಾಗಿಯೇ ಮುಂದೆ ತೆವಳುತ್ತದೆ, ನಿಂತಾಗ ಸಾಕಷ್ಟಿದ್ದ ಅಂತರ ಕುಳಿತಾಗ ಕರಗಿಹೋಗುತ್ತದೆ. ಹುಬ್ಬಿನ ಮೇಲೆ ಅರ್ಧಚಂದ್ರದ ಆಕಾರದ ಗಾಯದ ಗುರುತು ಹೊತ್ತವರನ್ನು ಯಾವ ಶೂಟಿಂಗ್ ರೇಂಜಿನಲ್ಲಾದರೂ ಕಾಣಬಹುದು. ಅದು ಸ್ಕೋಪಿನ ಅಂಚಿನ ಕೆಲಸ. ದೃಶ್ಯ ಪೂರ್ತಿ ತುಂಬಿ ಕಾಣುವ ಸ್ಥಾನಗಳಲ್ಲಿ ಎಲ್ಲಕ್ಕಿಂತ ಹಿಂದಿನದನ್ನೇ ಆರಿಸಿಕೊಳ್ಳಬೇಕು.

ಇನ್ನು ಕಿವಿಯ ವಿಚಾರ. ಇಂಥ ರೈಫಲ್‌ನ ಸದ್ದು 160 ಡೆಸಿಬಲ್ ದಾಟುತ್ತದೆ, ಕ್ಷಣಿಕ ಸದ್ದಿಗೂ 140 ಡೆಸಿಬಲ್ ಮೇಲಾದರೆ ಕಿವಿಗೆ ಅಪಾಯವಿದೆ. ಕಿವಿಯೊಳಗೆ ಪ್ಲಗ್, ಅದರ ಮೇಲೆ ಮಫ್, ಎರಡೂ ಇರಲೇಬೇಕು. ಒದೆತದ ಲೇಖನದಲ್ಲಿ ಇದೇಕೆ ಎಂದರೆ, ಬೆಚ್ಚಿಬೀಳುವ ಅಭ್ಯಾಸವನ್ನು ಹತ್ತಿಸುವುದು ಎಷ್ಟೋ ಸಲ ಭುಜದ ನೋವಲ್ಲ, ಸದ್ದು. ಕಣ್ಣಿಗೆ ಕನ್ನಡಕ ಬೇಕೆಂದು ಬೇರೆ ಹೇಳಬೇಕಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರು, ಭುಜ ಅಥವಾ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಈ ಬೆಂಚಿಗೆ ಬರಬಾರದು.

ಎತ್ತರವೇ ಮುಖ್ಯ

ರೈಫಲ್ ಇರುವಲ್ಲಿಗೆ ತಲೆಯನ್ನು ಇಳಿಸಬಾರದು. ತಲೆ ಇರುವಲ್ಲಿಗೆ ರೈಫಲ್ಲನ್ನು ಏರಿಸಬೇಕು. ಹೆಚ್ಚಿನ ರೇಂಜುಗಳ ಬೆಂಚು, ಸ್ಟೂಲುಗಳು ಹಗುರ ಒದೆತದ ರೈಫಲ್‌ಗೆ ಹೊಂದುವಂತೆ ಇರುತ್ತವೆ, ಅವುಗಳ ಮೇಲೆ ಕುಳಿತರೆ ಬೆನ್ನು ಬಾಗಿ, ಎದೆ ಹಲಗೆಗೆ ತಾಗುತ್ತದೆ. ಮುಂದಿನ ಆಸರೆಯ ಕೆಳಗೆ ಗಟ್ಟಿಯಾದ ಮರದ ದಿಮ್ಮಿಗಳನ್ನೋ ಇನ್ನಷ್ಟು ಮರಳುಚೀಲಗಳನ್ನೋ ಇಟ್ಟು, ಬೆನ್ನು ನೆಟ್ಟಗಿಟ್ಟುಕೊಂಡು ಕುಳಿತಾಗ ಸ್ಕೋಪ್ ನೇರವಾಗಿ ಕಣ್ಣಿನ ಮಟ್ಟಕ್ಕೆ ಬರುವವರೆಗೂ ಎತ್ತರಿಸಬೇಕು. ಪಾದಗಳೆರಡೂ ನೆಲಕ್ಕೆ ಪೂರ್ತಿ ಊರಿರಲಿ. ಎದೆಗೂ ಬೆಂಚಿನ ಅಂಚಿಗೂ ನಡುವೆ ಒಂದು ಅಂಗೈ ಅಗಲದ ಜಾಗ ಇರಲಿ, ಬೆನ್ನ ಹಿಂದೆ ಗೋಡೆಯಾಗಲಿ ಕುರ್ಚಿಯ ಒರಗಾಗಲಿ ಇರದಿರಲಿ. ಹೀಗೆ ಕುಳಿತವರನ್ನು ಪಕ್ಕದಿಂದ ನೋಡಿದರೆ ಗುಂಡು ಹಾರಿದಾಗ ಅವರ ಇಡೀ ಮೇಲ್ಭಾಗ ಸೊಂಟದಿಂದ ಹಿಂದಕ್ಕೆ ತೂಗಿ ಮತ್ತೆ ಮುಂದೆ ಬರುವುದು ಕಾಣುತ್ತದೆ. ತಲೆ ಮಾತ್ರ ಝಾಡಿಸಿ ದೇಹ ಕದಲದಿದ್ದರೆ ಎತ್ತರ ಇನ್ನೂ ಸಾಲದು ಎಂದರ್ಥ.

.416 ರಿಗ್ಬಿ, .458 ಮುಂತಾದವುಗಳಿಗೆ ಸ್ಟೂಲನ್ನೇ ಬಿಟ್ಟು, ಎದೆಯೆತ್ತರದ ಮೇಜಿನ ಮೇಲೆ ಚೀಲಗಳನ್ನಿಟ್ಟು ನಿಂತುಕೊಂಡೇ ಗುರಿ ಹೊಂದಿಸುವ ಕ್ರಮ ಹಿಂದಿನಿಂದಲೂ ಇದೆ. ನಿಖರತೆ ಕೂದಲೆಳೆಯಷ್ಟು ಕಡಿಮೆಯಾಗಬಹುದು, ಆದರೆ ಈ ರೈಫಲ್‌ಗಳ ಕೆಲಸಕ್ಕೆ ಅಷ್ಟು ಧಾರಾಳವಾಗಿ ಸಾಕು. ಅಂಥ ಮೇಜು ಸಿಗುವುದಾದರೆ ಕುಳಿತು ಹೊಡೆಯುವ ಗೋಜಿಗೇ ಹೋಗಬಾರದೆಂಬುದು ನನ್ನ ಅಭಿಪ್ರಾಯ. ನೆಲದ ಮೇಲೆ ಮಲಗಿ ಹೊಡೆಯುವುದಂತೂ ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಆಸರೆ ಮತ್ತು ಎಡಗೈ

ಮುಂದಿನ ಚೀಲ ಮೆತ್ತಗಿರಬೇಕು ಮತ್ತು ರೈಫಲ್‌ನ ಮುಂಗೈ ಮರದ, ಅಂದರೆ ನಳಿಕೆಯ ಅಡಿಯಲ್ಲಿ ಕೈ ಹಿಡಿಯುವ ಮರದ ಭಾಗದ, ಕೆಳಗೇ ಇರಬೇಕು. ನಳಿಕೆಯನ್ನೇ ಚೀಲಕ್ಕೆ ಊರಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ. .375ರ ಗುಂಡು ಇನ್ನೂ ನಳಿಕೆಯೊಳಗೆ ಇರುವಾಗಲೇ ರೈಫಲ್ ಸುಮಾರು 3 ಮಿಲಿಮೀಟರ್ ಹಿಂದೆ ಸರಿದಿರುತ್ತದೆ. ಆದ್ದರಿಂದಲೇ ಕೆಳಗೆ ಏನಿದೆ, ಎಷ್ಟು ಬಿಗಿಯಾಗಿ ಹಿಡಿದಿದ್ದೇವೆ ಎಂಬುದೆಲ್ಲ ಗುಂಡಿನ ದಾರಿಯಲ್ಲಿ ಲೆಕ್ಕಕ್ಕೆ ಬರುತ್ತದೆ. ಹೆಗಲ ಪಟ್ಟಿ ಸಿಕ್ಕಿಸುವ ಕೊಂಡಿ ಚೀಲಕ್ಕಿಂತ ಚೆನ್ನಾಗಿ ಮುಂದಿರಲಿ, ಇಲ್ಲವಾದರೆ ಒದೆತದಲ್ಲಿ ಅದು ಚೀಲವನ್ನು ಹರಿಯುತ್ತದೆ, ಬೆರಳು ಅಡ್ಡ ಇದ್ದರೆ ಬೆರಳನ್ನೂ ಬಿಡುವುದಿಲ್ಲ.

ಹಗುರ ರೈಫಲ್ಲನ್ನು ಬೆಂಚಿನಲ್ಲಿ ಹೊಡೆಯುವವರು ಎಡಗೈಯನ್ನು ಹಿಂದೆ ತಂದು ಹಿಂಬದಿಯ ಚೀಲವನ್ನು ಹಿಂಡುತ್ತಾ ಗುರಿಯನ್ನು ಏರಿಳಿಸುತ್ತಾರೆ. ಭಾರಿ ರೈಫಲ್‌ಗೆ ಈ ಕ್ರಮ ಸಲ್ಲದು. ಇಲ್ಲಿ ಎಡಗೈ ಮುಂಗೈ ಮರವನ್ನು ಗಟ್ಟಿಯಾಗಿ ಹಿಡಿದು, ಕೆಳಕ್ಕೂ ಹಿಂದಕ್ಕೂ ಎಳೆದುಕೊಂಡಿರಬೇಕು. ಒದೆತದ ಒಂದು ಪಾಲನ್ನು ಆ ತೋಳು ಹೊರುತ್ತದೆ, ಮೂತಿ ಮೇಲಕ್ಕೆ ಜಿಗಿಯುವುದೂ ಕಡಿಮೆಯಾಗುತ್ತದೆ. ಎಡಗೈಯವರು ಎಲ್ಲವನ್ನೂ ತಿರುಗಿಸಿ ಓದಿಕೊಳ್ಳಬೇಕು.

ಭುಜ, ಕೆನ್ನೆ, ಬೆರಳು

ಕತ್ತುಪಟ್ಟಿಯ ಮೂಳೆಗೂ ಭುಜದ ಕೀಲಿಗೂ ನಡುವೆ, ತೋಳನ್ನು ಮುಂದೆ ಚಾಚಿದಾಗ ಗುಳಿ ಬೀಳುವ ಮಾಂಸಲ ಜಾಗವೊಂದಿದೆ. ರೈಫಲ್‌ನ ಹಿಂಬದಿ ತುದಿಯಿಂದ ತುದಿಗೆ ಪೂರ್ತಿಯಾಗಿ ಅಲ್ಲಿಯೇ ಕೂರಬೇಕು. ಕೆಳಗಿನ ಚೂಪು ಭಾಗ ಮಾತ್ರ ತಾಗಿದರೆ ಅಷ್ಟೂ ಶಕ್ತಿ ಎರಡು ಬೆರಳಗಲದ ಜಾಗಕ್ಕೆ ಇಳಿಯುತ್ತದೆ. ಇದಕ್ಕಾಗಿ ದೇಹ ರೈಫಲ್‌ಗೆ ಓರೆಯಾಗಿರದೆ, ಎದೆ ಬಹುಮಟ್ಟಿಗೆ ಗುರಿಯ ಕಡೆಗೇ ಮುಖ ಮಾಡಿರಬೇಕು. ಓರೆಯಾಗಿ ಕುಳಿತರೆ ಹಿಂಬದಿ ಜಾರಿ ತೋಳಿನ ಮೇಲೆ ಬರುತ್ತದೆ. ರೈಫಲ್ಲನ್ನು ಭುಜಕ್ಕೆ ಬಿಗಿಯಾಗಿ ಎಳೆದುಕೊಂಡಿರಬೇಕು. ಹೆದರಿ ಒಂದಿಷ್ಟು ಅಂತರ ಬಿಟ್ಟರೆ ಆ ಅಂತರದಲ್ಲಿ ರೈಫಲ್ ಒಂಟಿಯಾಗಿ ವೇಗ ಪಡೆದು ಬಂದು ಸುತ್ತಿಗೆಯಂತೆ ಬಡಿಯುತ್ತದೆ. ಬಿಗಿಹಿಡಿದರೆ ದೇಹದ ತೂಕವೂ ಅದರೊಂದಿಗೆ ಸೇರಿ ತಳ್ಳಿದಂತಾಗುತ್ತದೆ.

ಕೆನ್ನೆ ಮರಕ್ಕೆ ಒತ್ತಿಯೇ ಇರಲಿ, ಹಲ್ಲುಗಳ ನಡುವೆ ನಾಲಿಗೆ ಇರದಿರಲಿ. ಬಲಗೈ ಹೆಬ್ಬೆರಳು ಮರದ ಮೇಲಿಂದ ಸುತ್ತಿಕೊಂಡು ಮೂಗಿನ ಸಮೀಪ ಇದ್ದರೆ ಅದನ್ನು ಬಲಪಕ್ಕಕ್ಕೆ ಸರಿಸಿಕೊಳ್ಳಬೇಕು. ನಡುಬೆರಳ ಗೆಣ್ಣು ಟ್ರಿಗರ್‌ನ ಕಾಪುಬಳೆಗೆ ಅಂಟಿಕೊಂಡಿದ್ದರೆ ಮೊದಲ ಗುಂಡಿಗೇ ಅದು ಊದಿಕೊಳ್ಳುತ್ತದೆ, ಕೈಯನ್ನು ಒಂದಿಷ್ಟು ಹಿಂದೆ ಹಿಡಿಯಬೇಕು. ಎರಡು ನಳಿಕೆಯ ರೈಫಲ್ ಆಗಿದ್ದರೆ ಬೆಂಚಿನಲ್ಲಿ ಒಂದೇ ನಳಿಕೆಗೆ ತೋಟಾ ತುಂಬಬೇಕು. ಒದೆತದಲ್ಲಿ ಬೆರಳು ಜಾರಿ ಎರಡನೆಯ ಟ್ರಿಗರ್ ಎಳೆದುಬಿಟ್ಟರೆ ಎರಡೂ ಪೆಟ್ಟು ಒಟ್ಟಿಗೆ ಬರುತ್ತವೆ.

ಉಸಿರನ್ನು ಅರ್ಧ ಬಿಟ್ಟು, ಟ್ರಿಗರ್ ಮೇಲಿನ ಒತ್ತಡವನ್ನು ಒಂದೇ ಸಮನೆ ಹೆಚ್ಚಿಸುತ್ತಾ ಹೋಗಬೇಕು. ಗುಂಡು ಹಾರಿದ ಮೇಲೂ ಕಣ್ಣು ತೆರೆದು ಅಡ್ಡಗೆರೆಗಳನ್ನು ನೋಡುತ್ತಿರಬೇಕು, ರೈಫಲ್ ಚೀಲದ ಮೇಲೆ ಮರಳಿ ನೆಲೆಗೊಳ್ಳುವವರೆಗೆ ಹಿಡಿತ ಸಡಿಲಿಸಬಾರದು.

ಪ್ಯಾಡ್, ತೂಕ, ಬ್ರೇಕ್

ರೈಫಲ್‌ನ ಹಿಂಬದಿಗೆ 25 ಮಿಲಿಮೀಟರ್ ದಪ್ಪದ ಮೆತ್ತನೆಯ ರಬ್ಬರ್ ಪ್ಯಾಡ್ ಹಾಕಿಸುವುದು ಹಣಕ್ಕೆ ತಕ್ಕ ಪರಿಹಾರ. ಅದು ಶಕ್ತಿಯನ್ನು ಕಡಿಮೆ ಮಾಡುವುದಿಲ್ಲ, ಪೆಟ್ಟಿನ ಅವಧಿಯನ್ನು ಹಿಗ್ಗಿಸುತ್ತದೆ. ಭುಜಕ್ಕೆ ಕಟ್ಟಿಕೊಳ್ಳುವ ಪ್ಯಾಡೂ ಒಳ್ಳೆಯದೇ, ಆದರೆ ಅದು ಕಣ್ಣನ್ನು ಸ್ಕೋಪಿನಿಂದ ಅಷ್ಟು ಹಿಂದೆ ಸರಿಸುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಭುಜಕ್ಕೂ ರೈಫಲ್‌ಗೂ ನಡುವೆ ಸೀಸದ ಚಿಕ್ಕ ಗುಂಡುಗಳ ಚೀಲ ಇಡುವುದು, ಅಥವಾ ರೈಫಲ್ಲನ್ನು ತೂಕ ಹೇರಿದ ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿ ಹೊಡೆಯುವುದು ಬಹಳ ಬಳಕೆಯಲ್ಲಿದೆ. ಭುಜಕ್ಕೆ ಇದರಿಂದ ನೆಮ್ಮದಿ ಸಿಗುವುದು ನಿಜ. ಆದರೆ ಹಿಂದೆ ಸರಿಯಲು ಬಿಡದಿದ್ದರೆ ಆ ಬಲ ಎಲ್ಲಿಗಾದರೂ ಹೋಗಲೇಬೇಕಲ್ಲ, ಅದು ಮರಕ್ಕೆ ಹೋಗುತ್ತದೆ. ಚೌಕಟ್ಟಿನ ಮೇಲೆ ಮಿತಿಮೀರಿ ತೂಕ ಹೇರಿದ ಕಡೆ ಮರ ಸೀಳಿದ, ಸ್ಕೋಪಿನ ಹಿಡಿಕೆಗಳು ಸಡಿಲವಾದ ಉದಾಹರಣೆಗಳಿವೆ. ಕೆಲವು ಕಿಲೋಗಳಷ್ಟೇ ಇಟ್ಟು, ಚೌಕಟ್ಟು ರೈಫಲ್ ಜೊತೆಗೆ ಬೆಂಚಿನ ಮೇಲೆ ಜಾರಲು ಬಿಡಬೇಕು.

ನಳಿಕೆಯ ಬಾಯಿಗೆ ಹಾಕುವ ಮಝಲ್ ಬ್ರೇಕ್ ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಒದೆತವನ್ನು ಮೂರನೇ ಒಂದರಿಂದ ಅರ್ಧದವರೆಗೂ ಇಳಿಸಬಲ್ಲದು. ಅದರ ಶಿಕ್ಷೆಯೆಲ್ಲ ಅಕ್ಕಪಕ್ಕದ ಬೆಂಚಿನವರಿಗೆ. ಬ್ರೇಕ್ ಇರುವ ರೈಫಲ್ ಹೊಡೆಯುವ ಮೊದಲು ನೆರೆಯವರಿಗೆ ತಿಳಿಸುವುದು, ಎಲ್ಲರೂ ಹಿಂದೆ ಸರಿದ ಮೇಲೆ ಹೊಡೆಯುವುದು ಕನಿಷ್ಠ ಸೌಜನ್ಯ.

ಎಷ್ಟು ಗುಂಡು ಸಾಕು

ಒಂದು ಸರದಿಗೆ ಮೂರು ಗುಂಡು, ಒಂದು ಭೇಟಿಗೆ ಹತ್ತರೊಳಗೆ. ಸರದಿಗಳ ನಡುವೆ ನಳಿಕೆ ತಣ್ಣಗಾಗಲು ಹೇಗೂ ಕಾಯಬೇಕು, ಆ ಬಿಡುವಿನಲ್ಲಿ ಒದೆತವೇ ಇಲ್ಲವೆನ್ನುವಷ್ಟು ಹಗುರವಾದ .22 ರಿಮ್‌ಫೈರ್ ರೈಫಲ್‌ನಿಂದ ಹತ್ತಿಪ್ಪತ್ತು ಗುಂಡು ಹೊಡೆದರೆ ಬೆರಳು ತನ್ನ ಸಂಯಮವನ್ನು ಮತ್ತೆ ಕಂಡುಕೊಳ್ಳುತ್ತದೆ. ಸ್ವತಃ ತೋಟಾ ತುಂಬುವವರು ಹಗುರ ತೋಟಾಗಳಿಂದ ಆರಂಭಿಸಬಹುದು. ಆದರೆ ಮದ್ದು ತಯಾರಕರು ಪ್ರಕಟಿಸಿದ ಅಳತೆಯ ಹೊರಗೆ ಹೋಗಬಾರದು. ನಿಧಾನವಾಗಿ ಉರಿಯುವ ಮದ್ದನ್ನು ಮನಬಂದಂತೆ ಕಡಿಮೆ ಮಾಡುವುದೂ ಅಪಾಯವೇ.

ಬೆಚ್ಚುವ ಅಭ್ಯಾಸ ಹತ್ತಿದೆಯೇ ಎಂದು ತಿಳಿಯಲು ಜೊತೆಗಾರರೊಬ್ಬರು ಬೇಕು. ಅವರು ನಮಗೆ ಕಾಣದಂತೆ ಕೆಲವೊಮ್ಮೆ ನಿಜವಾದ ತೋಟಾ, ಕೆಲವೊಮ್ಮೆ ಮದ್ದಿಲ್ಲದ ಡಮ್ಮಿ ತೋಟಾ ಹಾಕಿಕೊಡುತ್ತಾರೆ. ಡಮ್ಮಿಯ ಮೇಲೆ ಸೂಜಿ ಟಕ್ ಎಂದಾಗ ಅಡ್ಡಗೆರೆಗಳು ಗುರಿಯ ಮೇಲೆ ನಿಂತಲ್ಲೇ ನಿಂತಿದ್ದರೆ ಸರಿ. ಮೂತಿ ಕೆಳಕ್ಕೆ ಮುಗ್ಗರಿಸಿ, ಕಣ್ಣು ಮುಚ್ಚಿ, ಭುಜ ಮುಂದೆ ನೂಕಿದ್ದು ಕಂಡರೆ ಆ ದಿನಕ್ಕೆ ಭಾರಿ ರೈಫಲ್ಲನ್ನು ಚೀಲಕ್ಕೆ ಹಾಕುವುದೇ ಒಳಿತು. ಇನ್ನೂ ನಾಲ್ಕು ಹೊಡೆದರೆ ಹೋಗುತ್ತದೆ ಎಂದು ಮುಂದುವರಿಸಿದರೆ ಅದು ಹೋಗುವುದಿಲ್ಲ, ಬೇರೂರುತ್ತದೆ.

ಬೆಂಚಿನಲ್ಲಿ ಗುರಿ ಹೊಂದಿದ ಮೇಲೆ ಕೊನೆಯ ಎರಡು ಮೂರು ಗುಂಡುಗಳನ್ನು ನಿಂತು, ಕೋಲಿನ ಆಸರೆಯಲ್ಲಿ ಹೊಡೆದು ನೋಡಬೇಕು, ಏಕೆಂದರೆ ಹಿಡಿತ ಬದಲಾದರೆ ಭಾರಿ ರೈಫಲ್‌ನ ಗುಂಡು ಬೀಳುವ ಜಾಗವೂ ಕೆಲವು ಸೆಂಟಿಮೀಟರ್ ಬದಲಾಗಬಹುದು. ಹಾಗೆ ಬದಲಾದರೆ ಸ್ಕೋಪನ್ನು ನಿಂತು ಹೊಡೆದ ಗುಂಡುಗಳಿಗೆ ತಕ್ಕಂತೆ ತಿದ್ದಬೇಕು. ರೈಫಲ್ಲನ್ನು ಖಾಲಿ ಮಾಡಿದ ಮೇಲೆ ಸ್ಕೋಪ್ ಹಿಡಿಕೆಗಳ ಮತ್ತು ತಳದ ತಿರುಪುಗಳನ್ನು ಪರೀಕ್ಷಿಸಿ, ಲೋಹದ ಭಾಗ ಮುಗಿದು ಮರ ಆರಂಭವಾಗುವ ಹಿಂಭಾಗದಲ್ಲಿ ಕೂದಲೆಳೆಯಂಥ ಬಿರುಕೇನಾದರೂ ಬಿಟ್ಟಿದೆಯೇ ಎಂದು ಉಗುರಾಡಿಸಿ ನೋಡಬೇಕು. ಬಿರುಕು ಸಿಕ್ಕರೆ, ಅದನ್ನು ಕಸುಬುದಾರರಿಗೆ ತೋರಿಸುವವರೆಗೆ ಆ ರೈಫಲ್‌ನಿಂದ ಇನ್ನೊಂದು ಗುಂಡನ್ನೂ ಹೊಡೆಯಬಾರದು.