ಬಯಾಪ್ಸಿ ನಾರ್ಮಲ್, ಆದರೂ ಗಡ್ಡೆ ಇತ್ತು: ನನ್ನ ಅನುಭವ

ಬಾಗಲಕೋಟೆಯಲ್ಲಿ ಸರ್ಜನ್ ಆಗಿರುವ ನನಗೆ ಅಲ್ಸರ್, ಹರ್ನಿಯಾ, ಅಪೆಂಡಿಕ್ಸ್ ದಿನದ ಕೆಲಸ. ಜಿಸ್ಟ್ (GIST) ಅನ್ನುವ ಗಡ್ಡೆ ಸಿಗುವುದು ಅಪರೂಪ. ಇದೂ ಜಠರದ ಗಡ್ಡೆಯೇ, ಆದರೆ ಮಾಮೂಲಿ ಕ್ಯಾನ್ಸರ್‌ನ ಜಾತಿಯದಲ್ಲ. ಅದು ಒಳಪದರದಲ್ಲಿ ಹುಟ್ಟುತ್ತದೆ, ಇದು ಗೋಡೆಯ ಸ್ನಾಯುಪದರದಲ್ಲಿ.

ಗುಳೇದಗುಡ್ಡದ ಕಡೆಯ ಒಬ್ಬ ನೇಕಾರ ಹೆಣ್ಣುಮಗಳು ಬಂದಿದ್ದರು. (ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.) ತಲೆಸುತ್ತು, ಸುಸ್ತು, ಹಿಮೋಗ್ಲೋಬಿನ್ 6. ರಕ್ತ ಏರಿಸಿದರೂ ಮತ್ತೆ ಇಳಿಯುತ್ತಿತ್ತು. ಸಂಡಾಸ ಕಪ್ಪಗಾಗುತ್ತದೆಯಾ ಅಂತ ಕೇಳಿದೆ. "ರಕ್ತದ ಗುಳಿಗಿ ತಗೊಂಡ್ರ ಕರ್ರಗ ಆಗ್ತೈತಿ ಅಂತ ಹೇಳ್ಯಾರ್ರಿ" ಅಂದರು. ಅದೂ ನಿಜವೇ. ಆದರೆ ಕಬ್ಬಿಣದ ಮಾತ್ರೆಯ ಕಪ್ಪು ಸುಮ್ನೆ ಬಣ್ಣ ಅಷ್ಟೇ. ಒಳಗೆ ರಕ್ತ ಸೋರಿದರೆ ಡಾಂಬರಿನಂತೆ ಅಂಟು ಇರುತ್ತದೆ, ವಾಸನೆಯೂ ಕೆಟ್ಟದ್ದು. ಅವರದು ನೀರು ಹಾಕಿದರೂ ಹೋಗುತ್ತಿರಲಿಲ್ಲವಂತೆ.

ಎಂಡೋಸ್ಕೋಪಿ ಮೊದಲೇ ಆಗಿತ್ತು. ನುಣ್ಣಗಿನ ಉಬ್ಬು, ನೆತ್ತಿಯಲ್ಲಿ ಸಣ್ಣ ಹುಣ್ಣು. ಬಯಾಪ್ಸಿ ನಾರ್ಮಲ್. ಮನೆಯವರಿಗೆ ಖುಷಿ, ನನಗೆ ಅನುಮಾನ. ಗೋಡೆಯ ಇಟ್ಟಿಗೆ ಉಬ್ಬಿದಾಗ ಮೇಲಿನ ಗಿಲಾವು ಕೆರೆದು ನೋಡಿದರೆ ಸಿಗುವುದು ಗಿಲಾವೇ ಅಲ್ವಾ? ಬಯಾಪ್ಸಿಯ ಚಿಮಟಕ್ಕೆ ಸಿಕ್ಕಿದ್ದೂ ಮೇಲಿನ ಪದರ ಮಾತ್ರ. ಕಾಂಟ್ರಾಸ್ಟ್ ಹಾಕಿ ಸಿಟಿ ಸ್ಕ್ಯಾನ್ ಮಾಡಿಸಿದೆ. ಜಠರದಿಂದ ಹೊರಗೆ ಚಾಚಿಕೊಂಡ 7 ಸೆಂ.ಮೀ. ಗಡ್ಡೆ, ಲಿವರ್ ಸ್ವಚ್ಛ.

"ಹೊಟ್ಟೆ ಮೇಲಿಂದಲೇ ಸೂಜಿ ಹಾಕಿ ಪರೀಕ್ಷೆ ಮಾಡಬಾರದಾ?" ಅಂತ ಮಗ ಕೇಳಿದ. ಬೇಡ ಅಂದೆ. ಈ ಗಡ್ಡೆ ಮೆತ್ತಗೆ, ಒಡೆದರೆ ಜೀವಕೋಶಗಳು ಹೊಟ್ಟೆಯೊಳಗೆ ಚೆಲ್ಲುತ್ತವೆ. ಪೂರ್ತಿ ತೆಗೆಯಬಹುದು ಅನ್ನಿಸಿದರೆ ನೇರ ಆಪರೇಷನ್ನೇ ಲೇಸು. ತೆಗೆಯಲು ಆಗದಿದ್ದರೆ ಅಥವಾ ಮೊದಲು ಮಾತ್ರೆ ಕೊಟ್ಟು ಕುಗ್ಗಿಸಬೇಕಿದ್ದರೆ ಮಾತ್ರ ಸೂಜಿ ಬೇಕು. ಅದನ್ನೂ ಆದಷ್ಟು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮೂಲಕ, ಜಠರದ ಒಳಗಿನಿಂದಲೇ ಹಾಕಬೇಕು.

ಹೊಟ್ಟೆ ತೆರೆದೇ ಮಾಡಿದೆ. ದುರ್ಬೀನಿನಿಂದಲೂ ಆಗುತ್ತಿತ್ತೇನೋ, ಆದರೆ ಈ ಅಳತೆಯದನ್ನು ಇಕ್ಕಳದಿಂದ ಎಳೆದಾಡಲು ನನಗೆ ಮನಸ್ಸಿಲ್ಲ. ಗಡ್ಡೆಯನ್ನು ಹಿಡಿಯದೆ, ಪಕ್ಕದ ಆರೋಗ್ಯದ ಗೋಡೆ ಹಿಡಿದು, ಸ್ಟೇಪ್ಲರ್‌ನಿಂದ ಬೆಣೆಯಾಕಾರದಲ್ಲಿ ತೆಗೆದೆ. ಮಾಮೂಲಿ ಕ್ಯಾನ್ಸರ್‌ನಲ್ಲಿ ಮಾಡುವಂತೆ ಸುತ್ತಲಿನ ದುಗ್ಧಗ್ರಂಥಿ (ಲಿಂಫ್ ನೋಡ್) ತೆಗೆಯುವ ಕೆಲಸ ಇರಲಿಲ್ಲ. ಜಿಸ್ಟ್ ಗ್ರಂಥಿಗಳಿಗೆ ಹರಡುವುದು ತೀರಾ ಕಡಿಮೆ.

ಪೆಥಾಲಜಿಯಲ್ಲಿ ಈ ಗಡ್ಡೆಯ ಗುರುತಿನ ಪ್ರೋಟೀನ್‌ಗಳಾದ ಸಿಡಿ117 ಮತ್ತು ಡಾಗ್1 ಎರಡೂ ಪಾಸಿಟಿವ್ ಬಂತು. ಅಲ್ಲಿಗೆ ಜಿಸ್ಟ್ ಖಚಿತ. ನಾನು ಕಾಯುತ್ತಿದ್ದದ್ದು ಇನ್ನೊಂದಕ್ಕೆ: ಸೂಕ್ಷ್ಮದರ್ಶಕದಲ್ಲಿ ನಿಗದಿತ ಜಾಗದೊಳಗೆ ಎರಡಾಗಿ ವಿಭಜನೆ ಆಗುತ್ತಿರುವ ಜೀವಕೋಶಗಳ ಲೆಕ್ಕ. ಅದು 5 ದಾಟಿತ್ತು, ಗಡ್ಡೆಯೂ 5 ಸೆಂ.ಮೀ.ಗಿಂತ ದೊಡ್ಡದು. ಅಂದರೆ ಗಡ್ಡೆ ಮರಳುವ ಅಪಾಯ ಜಾಸ್ತಿ, ಅದನ್ನು ತಡೆಯಲು 3 ವರ್ಷ ದಿನಾ ಇಮ್ಯಾಟಿನಿಬ್ ಮಾತ್ರೆ 400 ಮಿ.ಗ್ರಾಂ. ಬೇಕು. ಶುರು ಮಾಡುವ ಮೊದಲು ಗಡ್ಡೆಯ ಜೀನ್ ಟೆಸ್ಟ್‌ಗೆ ಒತ್ತಾಯ ಮಾಡಿದೆ. ದುಡ್ಡು ದಂಡ ಅನ್ನಿಸಬಹುದು. ಆದರೆ ಪಿಡಿಜಿಎಫ್‌ಆರ್‌ಎ ಜೀನ್‌ನಲ್ಲಿ ಡಿ842ವಿ ಅನ್ನುವ ಬದಲಾವಣೆ ಇದ್ದರೆ ಈ ಮಾತ್ರೆ ನಾಟುವುದೇ ಇಲ್ಲ. ಇವರ ಗಡ್ಡೆಯಲ್ಲಿ ಬದಲಾವಣೆ ಇದ್ದದ್ದು ಕಿಟ್ ಜೀನ್‌ನ ಎಕ್ಸಾನ್ 11 ಅನ್ನುವ ಭಾಗದಲ್ಲಿ. ಮಾತ್ರೆಗೆ ಚೆನ್ನಾಗಿ ಬಗ್ಗುವ ಜಾತಿ. ರೇಟು ಕೇಳಿ ಮಗ ಸಮಾಧಾನದ ನಿಟ್ಟುಸಿರು ಬಿಟ್ಟ. ಈ ಮಾತ್ರೆಗೆ ನೋವಾರ್ಟಿಸ್ ಕಂಪನಿ ಕೇಳಿದ್ದ ಪೇಟೆಂಟನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನಿರಾಕರಿಸಿತ್ತು, ಅದರಿಂದ ಬೇರೆ ಕಂಪನಿಗಳ ಅಗ್ಗದ ಮಾತ್ರೆಗೆ ದಾರಿ ಉಳಿಯಿತು.

ಮಧ್ಯಾಹ್ನ ರೊಟ್ಟಿ ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ ನುಂಗಿ ಅಂದಿದ್ದೆ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ವಾಕರಿಕೆ ಜಾಸ್ತಿ. ಕೆಲವು ವಾರಕ್ಕೆ ಬೆಳಿಗ್ಗೆ ಕಣ್ಣಿನ ಸುತ್ತ ಬಾವು ಕಾಣಿಸಿತು. ಓಣಿಯವರು ಕಿಡ್ನಿ ಹೋಗಿದೆ ಅಂದರಂತೆ, ಇವರು ಮಾತ್ರೆ ಬಿಟ್ಟರು. ಕಿಡ್ನಿ ಟೆಸ್ಟ್ ಮಾಡಿಸಿ ತೋರಿಸಿದೆ, ಎಲ್ಲ ಸರಿ ಇತ್ತು. ಇದು ಈ ಮಾತ್ರೆಯ ಮಾಮೂಲಿ ಗುಣ. ಉಪ್ಪು ಕಡಿಮೆ ಮಾಡಿಸಿ ಮತ್ತೆ ಶುರು ಮಾಡಿಸಿದೆ.

ಈಗ ಕೋರ್ಸ್ ಮುಗಿಯುತ್ತ ಬಂದಿದೆ, ಸಿಟಿ ಸ್ವಚ್ಛ ಇದೆ. "ಇನ್ನ ಬರೂದು ಬ್ಯಾಡಲ್ರಿ?" ಅಂತ ಕೇಳುತ್ತಾರೆ. ಬರಲೇಬೇಕು ಅಂದೆ. ಮಾತ್ರೆ ನಿಲ್ಲಿಸಿದ ಮೊದಲ ಎರಡು ವರ್ಷಗಳಲ್ಲೇ ಇದು ಮರಳುವುದು ಜಾಸ್ತಿ. ಹಾಗಾಗಿ ಮುಂದಿನ ಸಿಟಿಗಳನ್ನು ದೂರ ದೂರ ಅಲ್ಲ, ಹತ್ತಿರ ಹತ್ತಿರವೇ ಬರೆದುಕೊಟ್ಟಿದ್ದೇನೆ.