ತೂತು ಬನಿಯನ್ ಹಾಕಿಕೊಂಡು ಹಿಮ ಹತ್ತಿದ್ದು

"ಹಿಮದ ಬೆಟ್ಟಕ್ಕೆ ತೂತು ಬನಿಯನ್ನಾ? ಹೋಗಿ ಬಾ, ಬದುಕಿ ಬಂದ್ರೆ ಮಾತಾಡೋಣ ಕಣೋ" ಎಂದು ನನ್ನ ಬಲೆಯಂತೆ ಹೆಣೆದ ಬನಿಯನ್ ನೋಡಿ ನಮ್ಮ ತಂಡದ ಹಿರಿಯರೊಬ್ಬರು ನಕ್ಕಿದ್ದರು. ಮೊನ್ನೆ ಮೂರು ದಿನದ ಚಾರಣ ಮುಗಿಸಿ ಬಂದೆವು. ಬೆಳಗಿನ ಹೊತ್ತು ಮೈನಸ್ 12ರ ಆಸುಪಾಸು ಇತ್ತು. ನಿಂತಲ್ಲೆಲ್ಲ ಅವರು ಗಡಗಡ ನಡುಗುತ್ತಿದ್ದರು, ನಾನು ಪಕ್ಕದಲ್ಲಿ ಫೋಟೊ ತೆಗೆಯುತ್ತಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಜಂಬ ಅನ್ನಿಸಿದರೆ ಅನ್ನಿಸಲಿ.

ಒಳಗೆ ಬೆವರು ಎಳೆಯುವ ಅಂಗಿ, ನಡುವೆ ಬೆಚ್ಚನೆಯದು, ಮೇಲೆ ಗಾಳಿ-ಮಳೆ ತಡೆಯುವುದು ಅನ್ನುವ ಮೂರು ಪದರ, ಒದ್ದೆಯಾದರೆ ಬೇಗ ಒಣಗದ ಹತ್ತಿ ಬಟ್ಟೆ ಬೇಡ, ಇದೆಲ್ಲ ಚಾರಣಿಗರಿಗೆ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಎರಡು ಚಳಿಗಾಲ ಒದ್ದೆಯಾದೆ. ಮಳೆಯಿಂದಲ್ಲ, ಹಿಮದಿಂದಲೂ ಅಲ್ಲ, ನನ್ನದೇ ಬೆವರಿನಿಂದ.

ಮೊದಲ ವರ್ಷ ಅರ್ಧ ತಿಂಗಳ ಸಂಬಳ ಸುರಿದು ದಪ್ಪನೆಯ ಡೌನ್ ಜಾಕೆಟ್, ಅಂದರೆ ಹಕ್ಕಿಯ ಮೆತ್ತನೆ ಗರಿ ತುಂಬಿದ್ದು, ತಂದೆ. ಇಷ್ಟು ಕೊಟ್ಟಿದ್ದೇನಲ್ಲ, ಹಾಕಿಕೊಳ್ಳದಿದ್ದರೆ ಹೇಗೆ ಅಂತ ಹೊರಟಾಗಿನಿಂದಲೇ ಹಾಕಿಕೊಂಡೆ. ಅರ್ಧ ಗಂಟೆಯಲ್ಲಿ ಬೆನ್ನು ತೊಪ್ಪೆ. ಚೀಲ ಒತ್ತುವ ಜಾಗದಲ್ಲಿ ಗರಿಯೆಲ್ಲ ಮುದ್ದೆ ಕಟ್ಟಿತ್ತು. ಮೇಲೆ ಗಾಳಿಯಲ್ಲಿ ಹತ್ತು ನಿಮಿಷ ನಿಂತೆವು ಅಷ್ಟೇ, ಬೆರಳು ಸೆಟೆದು ಚೀಲದ ಬಕಲ್ ಹಾಕಲು ಆಗಲಿಲ್ಲ. ಮಗುವಿಗೆ ಗುಂಡಿ ಹಾಕುವ ಹಾಗೆ ಗೆಳೆಯ ಹಾಕಿಕೊಟ್ಟ. ಅಲ್ಲಿಂದಲೇ ವಾಪಸ್.

ಎರಡನೇ ವರ್ಷ ಇನ್ನೂ ದುಬಾರಿ ತಪ್ಪು. ಬೆವರಿನ ಹಬೆ ಹೊರಬಿಡುವ, "ಉಸಿರಾಡುವ" ಬಟ್ಟೆಯ ಹಾರ್ಡ್‌ಶೆಲ್ (ಮಳೆ-ಗಾಳಿ ತಡೆಯುವ ಹೊರ ಜಾಕೆಟ್), ಕಂಕುಳಲ್ಲಿ ಜಿಪ್, ಒಳಗೆ ದಪ್ಪ ಫ್ಲೀಸ್ (ಉಣ್ಣೆಯಂತಿರುವ ಸಿಂಥೆಟಿಕ್ ಬಟ್ಟೆ). ಅದು ಉಸಿರಾಡಿತೋ ಏನೋ, ನಾನು ಮಾತ್ರ ಬೆಂದುಹೋದೆ. ಸಂಜೆ ಬಿಚ್ಚಿದಾಗ ಜಾಕೆಟ್ಟಿನ ಒಳಮೈಗೆ ಹಿಮದ ಹರಳು ಅಂಟಿತ್ತು. ಅದನ್ನು ಅರ್ಧ ಬೆಲೆಗೆ ಮಾರಿದೆ. ಎರಡು ವರ್ಷದಲ್ಲಿ ಎಲ್ಲ ಸೇರಿ ಸುಮಾರು ಒಂದೂವರೆ ತಿಂಗಳ ಸಂಬಳ ಹೋಯಿತು. ಈಗ ನಡೆಯುವಾಗ ಮೈಮೇಲೆ ಹಾಕುವುದಕ್ಕೆ ಖರ್ಚಾಗಿದ್ದು ಅದರ ಐದನೇ ಒಂದು ಭಾಗವೂ ಇಲ್ಲ. ಮನೆಯಲ್ಲಿ ಈ ಲೆಕ್ಕ ಹೇಳಿಲ್ಲ.

ಆಮೇಲೆ ಅಡುಗೆಮನೆಯ ತಕ್ಕಡಿ ಹಿಡಿದೆ. ಹೊರಡುವ ಮೊದಲು ಬಟ್ಟೆ ತೂಗುವುದು, ಎರಡು ಗಂಟೆ ಏರು ಹತ್ತಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತಂದು ಮತ್ತೆ ತೂಗುವುದು. ಹುಚ್ಚು ಅಂದರು. ಒಳ ಅಂಗಿ 190 ಗ್ರಾಂ ಇದ್ದದ್ದು 330ರ ಹತ್ತಿರ ಬಂತು. ಫ್ಲೀಸ್ ಇನ್ನೊಂದು 90 ಗ್ರಾಂ ನೀರು ಕುಡಿದಿತ್ತು. ಎರಡೂ ಸೇರಿದರೆ ಒಂದು ದೊಡ್ಡ ಲೋಟ ನೀರು. ಅದನ್ನು ಮೈಗೆ ಸುತ್ತಿಕೊಂಡು ಬೆಟ್ಟದ ಮೇಲೆ ನಿಂತಿದ್ದೆ!

ಬಲೆ ಬನಿಯನ್ ಏನೂ ಹೊಸದಲ್ಲ. 1933ರಲ್ಲಿ ನಾರ್ವೆ ಸೇನೆಯ ಹೆನ್ರಿಕ್ ಬ್ರುನ್ ಅನ್ನುವವರು ಮೀನು ಹಿಡಿಯುವ ಬಲೆಯನ್ನೇ ಹೊಲಿದು ಮೊದಲ ಬನಿಯನ್ ಮಾಡಿದ್ದರು. 1953ರ ಎವರೆಸ್ಟ್ ತಂಡವೂ ಇಂಥದ್ದನ್ನು ಒಯ್ದಿತ್ತು. ಆದರೂ ನಾನು ಇದರಲ್ಲೂ ಒಮ್ಮೆ ಎಡವಿದೆ. ಅಗ್ಗಕ್ಕೆ ಸಿಕ್ಕಿತೆಂದು ಆಟಗಾರರ ಜಾಲರಿ ಬನಿಯನ್ ತಂದೆ. ಅದರ ತೂತು ಸಾಸಿವೆಯಷ್ಟು, ಬಟ್ಟೆಯಲ್ಲಿ ಹತ್ತಿ ಬೇರೆ. ಏನೂ ಪ್ರಯೋಜನ ಆಗಲಿಲ್ಲ. ತೂತು ಕಿರುಬೆರಳ ತುದಿ ತೂರುವಷ್ಟಾದರೂ ಇರಬೇಕು, ನೂಲು ಪಾಲಿಪ್ರೊಪಿಲೀನ್ (ನೀರು ಹೀರದ ಪ್ಲಾಸ್ಟಿಕ್ ನೂಲು) ಅಥವಾ ಉಣ್ಣೆ. ಮೇಲೆ ತೆಳ್ಳನೆಯ ವಿಂಡ್ ಜಾಕೆಟ್, ಉದ್ದ ಜಿಪ್ ಇರುವಂಥದ್ದು. ನಡೆಯುವಾಗ ಇಷ್ಟೇ. ಜಿಪ್ ಹಾಕಿದರೆ ತೂತಿನ ಗಾಳಿ ಬೆಚ್ಚಗೆ ಕೂರುತ್ತದೆ, ತೆಗೆದರೆ ಹಬೆ ಹೊರಗೆ. ಮತ್ತೆ ತೂಗಿದೆ. ಬನಿಯನ್ನಿಗೆ ಇಪ್ಪತ್ತು ಗ್ರಾಂ ಚಿಲ್ಲರೆ, ಜಾಕೆಟ್ಟಿಗೆ ನಲವತ್ತು ಗ್ರಾಂ ಏರಿತ್ತು. ನಂಬದೆ ಇನ್ನೆರಡು ಸಲ ತೂಗಿದೆ, ಹೆಚ್ಚುಕಮ್ಮಿ ಅದೇ.

ಬನಿಯನ್ ಒಂದರಿಂದಲೇ ಆಗುವ ಕೆಲಸ ಅಲ್ಲ. ಹೊರಡುವಾಗ ಚಳಿ ಆಗುತ್ತಿರಲೇಬೇಕು. ಮೊದಲ ಹತ್ತು ನಿಮಿಷ ಹಲ್ಲು ಕಟಕಟ ಅನ್ನುತ್ತದೆ, ಜೊತೆಯವರು ಕರುಣೆಯಿಂದ ನೋಡುತ್ತಾರೆ, ಸುಮ್ನೆ ನಡೆಯಿರಿ. ಏರು ಶುರುವಾಗುವ ಮೊದಲೇ ಜಿಪ್ ತೆಗೆಯಿರಿ, ಬೆವರಿದ ಮೇಲಲ್ಲ. ಮೂಗಲ್ಲಿ ಉಸಿರಾಡಲು ಆಗುತ್ತಿಲ್ಲ ಅಂದರೆ ವೇಗ ಜಾಸ್ತಿ ಆಯಿತು ಅಂತ ಅರ್ಥ. ನಿಂತ ಕೂಡಲೇ, ಚಳಿ ಆಗುವುದಕ್ಕೆ ಕಾಯದೆ, ಡೌನ್ ಜಾಕೆಟ್ ಎಲ್ಲದರ ಮೇಲೆ. ಹೌದು, ಅದೇ ಹಳೆಯ ಜಾಕೆಟ್. ಈಗ ಅದು ಚೀಲದ ಬಾಯಲ್ಲೇ ಇರುತ್ತದೆ, ನಡೆಯುವಾಗ ಮುಟ್ಟುವುದಿಲ್ಲ. ಗಾಳಿ ಜೋರಿದ್ದರೆ ಅಥವಾ ನಿಧಾನದವರ ಜೊತೆ ಹೋಗುವುದಿದ್ದರೆ ಮಾತ್ರ ತೆಳು ಫ್ಲೀಸ್ ಸೇರಿಸುತ್ತೇನೆ. ನಿಧಾನವಾಗಿ ನಡೆದರೆ ಬಲೆ ಒಂದೇ ಸಾಲದು, ಇದನ್ನು ಒಪ್ಪಿಕೊಳ್ಳಬೇಕು.

ಒಂದು ತೊಂದರೆ ಇದೆ. ಭಾರದ ಚೀಲ ಹೊತ್ತರೆ ಹೆಗಲ ಮೇಲೆ ಬಲೆಯ ಅಚ್ಚು ಮೂಡಿ ಉರಿಯುತ್ತದೆ. ನಾನು ಅಲ್ಲೊಂದು ಬಟ್ಟೆಯ ಪಟ್ಟಿ ಹೊಲಿದುಕೊಂಡಿದ್ದೇನೆ. ಯಾವ ಬಟ್ಟೆ, ಎಲ್ಲಿಂದ ಕತ್ತರಿಸಿದೆ ಅಂತ ಸದ್ಯಕ್ಕೆ ಹೇಳುವುದಿಲ್ಲ. ಮೂರು ಬನಿಯನ್ ಹಾಳು ಮಾಡಿ ಕಲಿತದ್ದು.

ಇದೇ ಗುಂಗಿನಲ್ಲಿ ಕಾಲಿಗೂ ಒಂದು ಪ್ರಯೋಗ ಮಾಡಿದೆ. ತೆಳು ಕಾಲುಚೀಲ, ಬೆವರು ಹೊರಗೆ ಹೋಗದಿರಲಿ ಅಂತ ಅದರ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಉಣ್ಣೆಯ ಕಾಲುಚೀಲ. ಉಣ್ಣೆ ಮೂರು ದಿನ ಒಣಗಿಯೇ ಇತ್ತು, ಬೂಟು ಬೆಳಗ್ಗೆ ಕಲ್ಲಾಗಲಿಲ್ಲ. ಆದರೆ ಪಾದ ಮುದುಕರ ಮುಖದಂತೆ ಸುಕ್ಕುಗಟ್ಟಿತ್ತು. ವಾಸನೆಗೆ ಟೆಂಟಿನ ಜೊತೆಗಾರ ತಲೆ ತಿರುಗಿಸಿ ಮಲಗಿದ. ರಾತ್ರಿ ಪಾದ ಒರೆಸಿ ಒಣಗಿಸಲೇಬೇಕು, ಇಲ್ಲದಿದ್ದರೆ ಬೇಡ.

ಸ್ಟೌ ಕೂಡ ಕೈಕೊಟ್ಟಿತ್ತು. ಬರೀ ಬ್ಯೂಟೇನ್ ಇರುವ ಗ್ಯಾಸ್ ಡಬ್ಬಿ ಸೊನ್ನೆ ಡಿಗ್ರಿಯ ಕೆಳಗೆ ಸತ್ತಂತೆಯೇ. ಈಗ ಪ್ರೊಪೇನ್ ಬೆರೆತದ್ದು ಒಯ್ಯುತ್ತೇನೆ, ರಾತ್ರಿ ಅದು ಸ್ಲೀಪಿಂಗ್ ಬ್ಯಾಗಿನೊಳಗೆ ನನ್ನ ಜೊತೆ. ನೀರಿನ ಬಾಟಲಿ ತಲೆಕೆಳಗಾಗಿ ಇಡುವುದು ನಿಮಗೆ ಗೊತ್ತೇ ಇದೆ ಅಲ್ವಾ, ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಮುಚ್ಚಳ ಬಿಚ್ಚಲು ಬರುತ್ತದೆ. ಪೈಪಿನಲ್ಲಿ ಹೀರಿ ಕುಡಿಯುವ ನೀರಿನ ಚೀಲ ಮಾತ್ರ ಮನೆಯಲ್ಲೇ ಬಿಟ್ಟುಬನ್ನಿ, ಪೈಪಿನಲ್ಲೇ ನೀರು ಹೆಪ್ಪುಗಟ್ಟುತ್ತದೆ. ಬೂಟಿನ ಬಗ್ಗೆ ನನ್ನಲ್ಲಿ ಹೊಸದೇನೂ ಇಲ್ಲ, ದುಡ್ಡು ಉಳಿಸಲು ಅದು ಜಾಗವಲ್ಲ ಅನ್ನುವುದೊಂದು ಬಿಟ್ಟರೆ.

ಬಗೆಹರಿಯದೆ ಉಳಿದಿರುವುದು ಕೈ. ಕೈಗವಸಿನೊಳಗೆ ಈಗಲೂ ಬೆವರುತ್ತದೆ. ತಕ್ಕಡಿ ಪ್ರಕಾರ ಎರಡು ಗಂಟೆಗೆ ಜೊತೆಯೊಂದಕ್ಕೆ ಮೂವತ್ತು ಗ್ರಾಂ. ಬಲೆಯ ಕೈಗವಸು ಹೊಲಿದು ನೋಡಿದೆ, ಬೆರಳು ತೂತಿಗೆ ಸಿಕ್ಕಿಕೊಂಡು ಫಜೀತಿ ಆಯಿತು. ಸದ್ಯಕ್ಕೆ ಮೂರು ಜೊತೆ ಒಯ್ದು ಸರದಿಯಲ್ಲಿ ಹೊಟ್ಟೆಯ ಹತ್ತಿರ ಒಣಗಿಸಿಕೊಳ್ಳುತ್ತಿದ್ದೇನೆ.